ಕಾಣದ ಸಾಹೇಬರ ನೆನಪಲ್ಲಿ ಬಾವಿಗಿಳಿಯುವ ಬ್ಯಾಟರಾಯಪ್ಪ

ಚಿಕ್ಕಜಾಲದ ಮುನಿವೆಂಕಟಯ್ಯನವರ ತೋಟದಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದ್ರಾಕ್ಷಿ ಚಪ್ಪರದ ಕೆಳಗೆ ಕತ್ತಲೆ ಹಾಗೇ ಉಳಿದಿದೆ. ಬಾವಿಯ ದಡದಲ್ಲಿ ಕುಕ್ಕರಗಾಲಲ್ಲಿ ಕೂತ ಬ್ಯಾಟರಾಯಪ್ಪ ಲಾಟೀನಿನ ಗಾಜನ್ನು ಪಂಚೆಯ ತುದಿಯಿಂದ ಒರೆಸಿ, ಬತ್ತಿ ಹಚ್ಚಿ, ಹಿಡಿಕೆಗೆ ಹಗ್ಗ ಬಿಗಿದು ಮೆಲ್ಲಗೆ ಒಳಕ್ಕೆ ಇಳಿಬಿಡುತ್ತಾರೆ. ಲಾಟೀನಿನ ಬೆಳಕು ಕಲ್ಲಿನ ಗೋಡೆಯನ್ನು ಸವರುತ್ತಾ ಇಳಿಯುತ್ತದೆ. ಗೋಡೆಯ ಬಿರುಕಲ್ಲಿ ಹುಟ್ಟಿದ ಅರಳಿ ಸಸಿ, ಪಾರಿವಾಳದ ಗೂಡು, ಆಮೇಲೆ ಬಾವಿಯೊಳಗಿನ ಅಟ್ಟಣೆಯ ಮೇಲೆ ಕೂರಿಸಿದ ಡೀಸೆಲ್ ಇಂಜಿನ್ನು ಒಂದೊಂದಾಗಿ ಕಾಣಿಸಿಕೊಂಡು ಮರೆಯಾಗುತ್ತವೆ.

ಮುನಿವೆಂಕಟಯ್ಯನವರಿಗೆ ಅವಸರ. ಹೂಳು ತೆಗೆಯುವ ಕೆಲಸ ಇವತ್ತೇ ಮುಗಿದರೆ ನಾಳೆಯಿಂದ ಬಳ್ಳಿಗೆ ನೀರು ಬಿಡಬಹುದು. "ಇಂಜಿನ್ನು ನಿನ್ನೆ ಸಂಜೆನೇ ನಿಲ್ಸಿದೀನಿ ಕಣಯ್ಯ. ಇನ್ನೇನ್ ನೋಡ್ತೀಯ, ಇಳಿ," ಅನ್ನುತ್ತಾರೆ.

"ಇಳೀತೀನಿ ಗೌಡ್ರೆ. ಬಾವಿ ಎಲ್ಗೂ ಓಗಲ್ಲ," ಅನ್ನುತ್ತಾರೆ ಬ್ಯಾಟರಾಯಪ್ಪ.

ಲಾಟೀನು ತಳದ ನೀರಿನ ಮೇಲೆ ನಿಂತು ಉರಿಯುತ್ತಲೇ ಇದೆ. ಆದರೂ ಅವರು ಇಳಿಯುವುದಿಲ್ಲ. ಹೊಂಗೆ ಕೊಂಬೆಗಳ ದೊಡ್ಡ ಕಟ್ಟೊಂದನ್ನು ಹಗ್ಗಕ್ಕೆ ಬಿಗಿದು, ಬೀಸಣಿಗೆ ಬೀಸಿದ ಹಾಗೆ ಬಾವಿಯ ಉದ್ದಕ್ಕೂ ಏರಿಸಿ ಇಳಿಸಿ ಮಾಡುತ್ತಾರೆ. ತೋಳು ಸೋತರೆ ಕೈ ಬದಲಿಸುತ್ತಾರೆ. ಮುನಿವೆಂಕಟಯ್ಯನವರು ಬೀಡಿ ಹಚ್ಚಿ ಅತ್ತ ಹೋಗುತ್ತಾರೆ.

"ದೀಪ ಉರಿದ್ರೆ ಉಸಿರಾಡಬೋದು ಅಂತ ದೊಡ್ಡೋರು ಏಳೋರು," ಎಂದು ಕೊಂಬೆ ಎಳೆಯುತ್ತಲೇ ಬ್ಯಾಟರಾಯಪ್ಪ ವಿವರಿಸುತ್ತಾರೆ. "ಅದು ಅರ್ಧ ದಿಟ. ಪಾಳು ಬಾವಿನಾಗೆ ಕೆಟ್ಟ ಗಾಳಿ ಇದ್ರೆ ದೀಪ ಆರೋಗ್ತದೆ. ಇಂಜಿನ್ ಹೊಗೆ ಇದ್ರೆ ಅಂಗಲ್ಲ. ದೀಪ ಉರೀತಾನೇ ಇರ್ತದೆ, ಮನುಷ್ಯ ಆರೋಗ್ತಾನೆ."

ಬ್ಯಾಟರಾಯಪ್ಪನವರಿಗೆ ಈಗ ನಲವತ್ತರ ಹತ್ತಿರ. ಬಾಗಲೂರಿನ ಪಕ್ಕದ ಸಣ್ಣ ಹಳ್ಳಿ. ಅಪ್ಪ, ಅಜ್ಜ ಎಲ್ಲರೂ ಬಾವಿ ತೋಡಿಯೇ ಬದುಕಿದವರು. ಯಲಹಂಕದಿಂದ ಉತ್ತರಕ್ಕೆ ಹೋದರೆ ಯಾವ ಬಾವಿಯಲ್ಲಿ ಬಂಡೆ ಅಡ್ಡ ಬಂದಿದೆ, ಯಾವುದರಲ್ಲಿ ಮಣ್ಣು ಕುಸಿಯುತ್ತದೆ ಎನ್ನುವುದು ಈ ಮನೆತನಕ್ಕೆ ಗೊತ್ತು. ಹೊಸ ಬಾವಿ ತೋಡುವುದು, ಹಳೆಯದನ್ನು ಆಳ ಮಾಡುವುದು, ಬೇಸಿಗೆ ಬಂದರೆ ಹೂಳೆತ್ತುವುದು ಅವರ ಕಸುಬು. ಇದಲ್ಲದೆ ಇನ್ನೊಂದು ಕೆಲಸವನ್ನೂ ಅವರು ಮಾಡುತ್ತಾರೆ. ಅದಕ್ಕೆ ಕೂಲಿ ಇಲ್ಲ, ಹೊತ್ತುಗೊತ್ತೂ ಇಲ್ಲ. ಹೆಬ್ಬಾಳದಿಂದ ಚಿಕ್ಕಜಾಲದವರೆಗೆ ಎಲ್ಲಿ ಯಾರು ಬಾವಿಗೆ ಬಿದ್ದರೂ ಸೈಕಲ್ಲೋ ಪೊಲೀಸ್ ಜೀಪೋ ಅವರ ಮನೆ ಮುಂದೆ ಬಂದು ನಿಲ್ಲುತ್ತದೆ. ಮನುಷ್ಯರನ್ನು ಎತ್ತಿದ್ದಾರೆ, ಹಸು ಕರು ಎತ್ತಿದ್ದಾರೆ. ಎಷ್ಟು ಎಂದರೆ ತಲೆ ಕೆರೆದುಕೊಳ್ಳುತ್ತಾರೆ. "ಲೆಕ್ಕ ಇಟ್ರೆ ಸತ್ತೋರ್ನೂ ಎಣಿಸ್ಬೇಕಾಗ್ತದೆ. ಬ್ಯಾಡ ಬುಡಿ."

ಈ ಕೆಲಸ ಅವರು ಹುಡುಕಿಕೊಂಡು ಹೋದದ್ದಲ್ಲ. ಹನ್ನೊಂದು ವರ್ಷದ ಹಿಂದೆ ಒಬ್ಬ ಪೊಲೀಸ್ ಅಧಿಕಾರಿ ಅವರನ್ನು ಬಾವಿಯಿಂದ ಎತ್ತಿದರು. ಅಲ್ಲಿಂದ ಇದು ಶುರು.

ಅದು ಎಪ್ಪತ್ತಾರರ ಏಪ್ರಿಲ್. ಬಾಗಲೂರಿನ ಆಚೆ ಒಂದು ದ್ರಾಕ್ಷಿ ತೋಟದ ಬಾವಿಯನ್ನು ಆಳ ಮಾಡಲು ಬ್ಯಾಟರಾಯಪ್ಪ ಮತ್ತು ಅವರ ಅಣ್ಣ ಚಿಕ್ಕಹನುಮಯ್ಯ ಕೆಲಸ ಒಪ್ಪಿಕೊಂಡಿದ್ದರು. ತಾಯಿ ಅಕ್ಕಯ್ಯಮ್ಮ ಮಣ್ಣಿನ ಮಂಕರಿ ಹೊರುತ್ತಿದ್ದರು. ನೀರು ತೀರಾ ಕೆಳಗಿಳಿದಿತ್ತು. ಮೇಲಿಟ್ಟ ಇಂಜಿನ್ನು ಅಷ್ಟು ಆಳದಿಂದ ನೀರು ಎಳೆಯುವುದಿಲ್ಲ. ಹಾಗಾಗಿ ಆ ಕಡೆಯ ರೈತರೆಲ್ಲ ಮಾಡುವಂತೆ ಬಾವಿಯ ಒಳಗೇ ಅಟ್ಟಣೆ ಕಟ್ಟಿ ಇಂಜಿನ್ನನ್ನು ಅದರ ಮೇಲೆ ಕೂರಿಸಿದ್ದರು. ಬೆಳಿಗ್ಗೆಯಿಂದ ಅದು ಓಡುತ್ತಲೇ ಇತ್ತು. ಹೊಗೆ ಮೇಲೆ ಬರುವ ಬದಲು ಒಳಗೇ ತುಂಬಿಕೊಂಡಿತ್ತು. ಕಡೆಗೆ ಉಸಿರು ಸಿಗದೆ ಇಂಜಿನ್ನೂ ತಾನಾಗಿ ನಿಂತುಹೋಯಿತು.

ಏಕೆ ನಿಂತಿತು ಎಂದು ನೋಡಲು ಚಿಕ್ಕಹನುಮಯ್ಯ ಇಳಿದರು. ಕೂಗಿದರೆ ಓಗೊಡಲಿಲ್ಲ. ಅಣ್ಣ ಜಾರಿಬಿದ್ದಿರಬೇಕು ಎಂದುಕೊಂಡು ಬ್ಯಾಟರಾಯಪ್ಪ ಹಿಂದೆಯೇ ಇಳಿದರು. "ಅಟ್ಟಣೆ ತಂಕ ಓಗಿದ್ದು ಗ್ಯಾನ ಅದೆ. ಮೊಣಕಾಲು ಬೇರೆ ಯಾರ್ದೋ ಅನ್ನಿಸ್ತು. ಅಷ್ಟೇಯ."

ಮುಂದಿನದನ್ನು ಅವರು ಹೇಳಲಾರರು, ಅವರಿಗೆ ಎಚ್ಚರ ಇರಲಿಲ್ಲ. ಆ ಕತೆಯನ್ನು ಕಣ್ಣಾರೆ ಕಂಡು ಹೇಳುವವರು ಆಗ ಯಲಹಂಕ ಠಾಣೆಯಲ್ಲಿ ಕಾನ್‌ಸ್ಟೇಬಲ್ ಆಗಿದ್ದು ಈಗ ನಿವೃತ್ತರಾಗಿರುವ ಮುನಿರಾಮಯ್ಯ.

ಯಲಹಂಕ ಆಗ ಪುಟ್ಟ ಊರು. ಠಾಣೆಯ ಮುಖ್ಯಸ್ಥರಾಗಿದ್ದ ಸಬ್ ಇನ್‌ಸ್ಪೆಕ್ಟರ್ ಮುರಿಗೆಪ್ಪ ಧಾರವಾಡ ಜಿಲ್ಲೆಯ ಅಣ್ಣಿಗೇರಿಯವರು. ಜೋರು ದನಿ, ದೊಡ್ಡ ನಗು. ಅವರ ಮಾತು ಇಲ್ಲಿನವರಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ, ಆದರೂ ಜಗಳ ಬಿಡಿಸಲು ಅವರೇ ಬರಬೇಕಿತ್ತು. ಆ ದಿನವೂ ಬಾಗಲೂರಿನಲ್ಲಿ ಎರಡು ಮನೆಯವರ ಬೇಲಿ ಜಗಳ ಬಿಡಿಸಿ ಜೀಪಿನಲ್ಲಿ ವಾಪಸಾಗುತ್ತಿದ್ದಾಗ ದಾರಿಯ ಪಕ್ಕದ ತೋಟದಲ್ಲಿ ಜನ ಸೇರಿದ್ದು ಕಂಡಿತು.

"ಫೈರ್ ಇಂಜಿನ್‌ಗೆ ಹೇಳಿ ಕಳ್ಸಣ ಸಾರ್ ಅಂದೆ," ಎಂದು ಮುನಿರಾಮಯ್ಯ ನೆನೆಯುತ್ತಾರೆ. "ಫೋನ್ ಎಲ್ಲೈತಿ ಅಂದ್ರು. ಯಲಹಂಕದಲ್ಲೇ ಸಾರ್ ಅಂದೆ. ಜೀಪ್ ಕಳಿಸು, ಆದ್ರ ಅವರು ಬರೂದ್ರಾಗ ಇವರು ಇರ್ತಾರೇನು ಅಂತ ನನ್ನೇ ಕೇಳಿದ್ರು. ನಾನೇನ್ ಹೇಳ್ಲಿ. ಟೋಪಿ, ಬೆಲ್ಟು, ಬೂಟು ತೆಗೆದು ನನ್ನ ಕೈಗೆ ಕೊಟ್ರು."

ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಮುಖಕ್ಕೆ ಒದ್ದೆ ಟವೆಲ್ ಸುತ್ತಿಕೊಂಡು ಸಾಹೇಬರು ಇಳಿದರು. ಆ ಹೊಗೆಗೆ ಒದ್ದೆ ಟವೆಲ್ ಯಾವ ಲೆಕ್ಕಕ್ಕೂ ಇಲ್ಲ ಎನ್ನುವುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಹಗ್ಗ ಅಲುಗಿತು. ಹತ್ತಾರು ಜನ ಸೇರಿ ಎಳೆದರು. ಅಟ್ಟಣೆಯ ಮೇಲೆ ಬಿದ್ದಿದ್ದ ಬ್ಯಾಟರಾಯಪ್ಪನನ್ನು ತಮ್ಮ ಮೈಗೇ ಬಿಗಿದುಕೊಂಡು ಸಾಹೇಬರು ಮೇಲೆ ಬಂದರು. ಅವನ ಮೂಗಿನಲ್ಲಿ ಉಸಿರಿತ್ತು. ಸಾಹೇಬರು ನೆಲದ ಮೇಲೆ ಕೂತು ವಾಂತಿ ಮಾಡಿಕೊಂಡರು. ಕಣ್ಣು ಕೆಂಡದ ಹಾಗಿತ್ತು.

"ಸಾಕು ಸಾರ್, ಇನ್ನು ಬೇಡ ಅಂದೆ. ತಲೆ ಆಡಿಸಿದ್ರು. ಸರಿ ಅಂತಲೋ ಇಲ್ಲ ಅಂತಲೋ ನನಗೆ ಗೊತ್ತಾಗ್ಲಿಲ್ಲ," ಎನ್ನುತ್ತಾರೆ ಮುನಿರಾಮಯ್ಯ.

ಆಗ ಅಕ್ಕಯ್ಯಮ್ಮ ಸೆರಗೊಡ್ಡಿದರು. "ಸ್ವಾಮಿ, ಚಿಕ್ಕೋನ್ನ ಕೊಟ್ರಿ. ದೊಡ್ಡೋನು ಅಲ್ಲೇ ಅವ್ನೆ."

ಸಾಹೇಬರು ಆ ತಾಯಿಯ ಮುಖ ನೋಡಿದರು. "ಅಳಬ್ಯಾಡವ್ವಾ, ತರ್ತೀನಿ," ಎಂದು ಎದ್ದರು.

ಎರಡನೇ ಸಲ ಹಗ್ಗ ಅಲುಗಿದಾಗ ಎಳೆದರೆ ಬಂದದ್ದು ಚಿಕ್ಕಹನುಮಯ್ಯ ಒಬ್ಬರೇ. ಸಾಹೇಬರು ತಮ್ಮ ಸೊಂಟದ ಹಗ್ಗ ಬಿಚ್ಚಿ ಅವರಿಗೆ ಕಟ್ಟಿದ್ದರು, ಗಂಟು ಗಟ್ಟಿಯಾಗಿತ್ತು. ಚಿಕ್ಕಹನುಮಯ್ಯ ಯಾವಾಗಲೋ ಸತ್ತಿದ್ದರು. ಹಗ್ಗವನ್ನು ಮತ್ತೆ ಇಳಿಬಿಟ್ಟು ಮುನಿರಾಮಯ್ಯ ಕೂಗಿದರು, ಇಡೀ ತೋಟವೇ ಕೂಗಿತು. ಕೆಳಗಿನಿಂದ ಯಾರೂ ಹಗ್ಗ ಹಿಡಿಯಲಿಲ್ಲ. ಅಗ್ನಿಶಾಮಕ ದಳದವರು ಬಂದು ಮುಖವಾಡ ಹಾಕಿಕೊಂಡು ಇಳಿದು ಸಾಹೇಬರನ್ನು ಎತ್ತಿದರು. ಟೋಪಿ, ಬೆಲ್ಟು, ಬೂಟು ಮುನಿರಾಮಯ್ಯನವರ ಕೈಯಲ್ಲೇ ಇದ್ದವು.

ಬ್ಯಾಟರಾಯಪ್ಪನಿಗೆ ಆಸ್ಪತ್ರೆಯಲ್ಲಿ ಪೂರ್ತಿ ಎಚ್ಚರವಾಗುವ ಹೊತ್ತಿಗೆ ಅಣ್ಣನನ್ನು ಮಣ್ಣು ಮಾಡಿಯಾಗಿತ್ತು. ಸಾಹೇಬರ ದೇಹ ಅಣ್ಣಿಗೇರಿಗೆ ಹೋಗಿಯಾಗಿತ್ತು. ತನ್ನನ್ನು ಎದೆಗೆ ಕಟ್ಟಿಕೊಂಡು ಮೇಲೆ ತಂದವರ ಮುಖವನ್ನು ಅವರು ನೋಡಲೇ ಇಲ್ಲ. ಸುಧಾರಿಸಿಕೊಂಡ ಮೇಲೆ ಠಾಣೆಗೆ ಹೋದರು. ಗೋಡೆಯ ಮೇಲೆ ಹಾರ ಹಾಕಿದ ಪಟ ಇತ್ತು. "ನೋಡಿದ ಕೂಡ್ಲೇ ಗುರ್ತು ಸಿಗ್ತದೆ ಅಂದ್ಕಂಡಿದ್ದೆ. ಸಿಗ್ನಿಲ್ಲ. ಯಾರೋ ಪರ ಊರ್ನೋರ ಪಟ ನೋಡ್ದಂಗಾಯ್ತು. ಅದ್ಕೇ ಅಳು ಬಂತು."

ಮನೆಯಲ್ಲಿ ಅಕ್ಕಯ್ಯಮ್ಮ ಮಾತು ಬಿಟ್ಟಿದ್ದರು. ಹಿರಿಮಗ ಹೋದ ದುಃಖ ಒಂದಾದರೆ, ಅದರ ಮೇಲೆ ಇನ್ನೊಂದು ಕೂತಿತ್ತು. ತಾನು ಸೆರಗೊಡ್ಡಿದ್ದರಿಂದಲೇ ಆ ಪುಣ್ಯಾತ್ಮ ಎರಡನೇ ಸಲ ಇಳಿದ, ಅದೂ ಹೆಣ ತರುವುದಕ್ಕೆ. ಊರಿನವರೂ ಹಿಂದಿನಿಂದ ಹಾಗೇ ಆಡಿಕೊಂಡರು. ಅಕ್ಕಯ್ಯಮ್ಮ ಉಣ್ಣಲು ತಟ್ಟೆಯ ಮುಂದೆ ಕೂತವರು ಕೂತೇ ಇರುತ್ತಿದ್ದರು.

ಆ ವರ್ಷ ಪುಷ್ಯ ಮಾಸದಲ್ಲಿ ಒಂದು ದಿನ ಅವರೇ ಬಾಯಿ ಬಿಟ್ಟರು: "ಆ ತಾಯಿ ತಾವಕ್ಕೆ ಕರ್ಕಂಡೋಗು." ಹೊಲದ ಅವರೆಕಾಯಿ ಒಂದು ಮೂಟೆ ಕಟ್ಟಿಕೊಂಡು ತಾಯಿ ಮಗ ಯಶವಂತಪುರದಲ್ಲಿ ಹುಬ್ಬಳ್ಳಿ ರೈಲು ಹತ್ತಿದರು. ಅಕ್ಕಯ್ಯಮ್ಮ ರೈಲು ಹತ್ತಿದ್ದು ಅದೇ ಮೊದಲು. ದಾರಿಯುದ್ದಕ್ಕೂ ಮೂಟೆಯ ಮೇಲಿನ ಕೈ ತೆಗೆಯಲಿಲ್ಲ.

ಅಣ್ಣಿಗೇರಿಯಲ್ಲಿ ಸಾಹೇಬರ ಹೆಂಡತಿ ಪಾರವ್ವ ತವರಿನ ಮನೆಯಲ್ಲಿದ್ದರು. ಬಂದವರು ಯಾರು ಎಂದು ತಿಳಿದ ಮೇಲೆ ಕಾಲಿಗೆ ನೀರು ಕೊಟ್ಟರು. ಅಕ್ಕಯ್ಯಮ್ಮ ಒಳಗೆ ಕಾಲಿಡಲಿಲ್ಲ. ಹೊಸ್ತಿಲಲ್ಲೇ ನಿಂತು, ಬರುವಾಗ ದಾರಿಯಲ್ಲೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದರು. "ನಾನೇ ಸೆರಗೊಡ್ಡಿ ಕೇಳ್ಕಂಡೆ ತಾಯಿ. ನಾನ್ ಕೇಳ್ದೆ ಇದ್ದಿದ್ರೆ ನಿನ್ನ ಯಜಮಾನ್ರು ಇಳೀತಿರ್ನಿಲ್ಲ."

ಅದಕ್ಕೆ ಪಾರವ್ವ ಆಡಿದ ಮಾತು ಬ್ಯಾಟರಾಯಪ್ಪನವರಿಗೆ ಅಕ್ಷರ ಅಕ್ಷರ ನೆನಪಿದೆ. ಅವರ ದನಿಯಲ್ಲೇ ಹೇಳಲು ಪ್ರಯತ್ನಿಸುತ್ತಾರೆ.

"ಲಗ್ನಾದ ವರ್ಷ ನಮ್ಮ ಓಣಿ ಬಾವ್ಯಾಗ ಬೆಕ್ಕಿನ ಮರಿ ಬಿದ್ದಿತ್ತ್ರೀ. ಅವರಿಗೆ ಈಜಾಕ ಬರ್ತಿರ್ಲಿಲ್ಲ. ಬ್ಯಾಡ್ರೀ ಅಂತ ನಾ ಕೈ ಹಿಡಿದು ಜಗ್ಗಿದೆ. ಬಿಡಿಸ್ಕೊಂಡು ಇಳದ್ರು. ನಾ ಬ್ಯಾಡಂದ್ರ ನಿಲ್ಲಲಾರದವ್ರು, ನೀವು ಕೇಳಿದ್ದಕ್ಕ ಇಳದ್ರು ಅಂತ ಯಾಕ ತಿಳ್ಕೋತೀರಿ? ಒಳಗ ಬರ್ರಿ. ರೊಟ್ಟಿ ಆರತಾವ."

ಅಕ್ಕಯ್ಯಮ್ಮ ಅವತ್ತು ಒಂದೂವರೆ ಜೋಳದ ರೊಟ್ಟಿ ತಿಂದರು. ಸಂಜೆ ಇಬ್ಬರು ಹೆಂಗಸರೂ ಅಂಗಳದಲ್ಲಿ ಕೂತು ಅವರೆಕಾಯಿ ಸುಲಿದರು. ಒಬ್ಬರ ಮಾತು ಒಬ್ಬರಿಗೆ ಸರಿಯಾಗಿ ತಿಳಿಯದೆ ಮಧ್ಯೆ ಮಧ್ಯೆ ನಕ್ಕರು. ಆಮೇಲೆ ನಾಲ್ಕು ವರ್ಷ ಬದುಕಿದ್ದ ಅಕ್ಕಯ್ಯಮ್ಮ ಪ್ರತಿ ಚಳಿಗಾಲಕ್ಕೂ ಅಣ್ಣಿಗೇರಿಗೆ ಒಂದು ಮೂಟೆ ಕಳಿಸಿದರು. ಈಗ ಮಗ ಕಳಿಸುತ್ತಾರೆ.

ಸಾಹೇಬರ ಬಗ್ಗೆ ಬ್ಯಾಟರಾಯಪ್ಪನವರಿಗೆ ಗೊತ್ತಿರುವುದೆಲ್ಲ ಹೀಗೆ ಬೇರೆಯವರಿಂದ ಕೇಳಿದ್ದು. ಮುನಿರಾಮಯ್ಯನವರ ಬಾಯಲ್ಲಿ ಕೇಳಿದ ನಗು, ಪಾರವ್ವನವರ ಬಾಯಲ್ಲಿ ಕೇಳಿದ ಬೆಕ್ಕಿನ ಮರಿ, ಯಲಹಂಕ ಸಂತೆಯಲ್ಲಿ ತೂಕದಲ್ಲಿ ಮೋಸ ಮಾಡುತ್ತಿದ್ದ ಯಾರದೋ ತಕ್ಕಡಿಯನ್ನು ಅವರು ಕಿತ್ತುಕೊಂಡ ಕತೆ. ಯಾರು ಹೊಸದೊಂದು ಹೇಳಿದರೂ ಕೆಲಸ ನಿಲ್ಲಿಸಿ ಕೇಳುತ್ತಾರೆ.

ಬಾವಿ ಕೆಲಸ ಬಿಡು ಎಂದು ಮನೆಯವರೆಲ್ಲ ಹೇಳಿದರು. ಹೆಂಡತಿ ದ್ರೌಪದಮ್ಮ ಕಾರ್ಖಾನೆಯಲ್ಲಿ ಕಾವಲು ಕೆಲಸವನ್ನೂ ಹುಡುಕಿಸಿದ್ದರು. ಒಂದು ವರ್ಷ ಮಾಡಿ ಬಿಟ್ಟುಬಂದರು. "ಬಾವಿನಾಗೆ ಏನಾಗ್ತದೆ ಅಂತ ಒಳಗೋಗಿ ಕಂಡು ಬಂದೋನು ನಾನೊಬ್ನೇ ಇದ್ದೆ. ನಾನೇ ಗೇಟ್ ಕಾಯ್ಕಂಡ್ ಕುಂತ್ರೆ ಎಂಗೆ?" ಅಂದಿನಿಂದ ಅವರದು ಒಂದೇ ಪಾಠ. ಇಂಜಿನ್ನು ಓಡಿದ ಬಾವಿಗೆ ಗಾಳಿಯಾಡಿಸದೆ ಯಾರೂ ಇಳಿಯಬಾರದು. ಆಗುವುದಾದರೆ ಇಂಜಿನ್ನನ್ನು ಬಾವಿಯಲ್ಲಿ ಇಡಲೇಬಾರದು. ತೋಟ ತೋಟಕ್ಕೂ ಹೋಗಿ ಹೇಳಿದರು. ಕೆಲವರು ಕೇಳಿದರು, ಕೆಲವರು ನಕ್ಕರು.

ಈ ಪಾಠಕ್ಕೆ ದೊಡ್ಡ ಪರೀಕ್ಷೆ ಬಂದದ್ದು ಎಂಬತ್ಮೂರರಲ್ಲಿ, ವಿದ್ಯಾರಣ್ಯಪುರದ ಕಡೆ. ಹೊಸದಾಗಿ ಸೈಟು ಮಾಡುತ್ತಿದ್ದ ಜಾಗದಲ್ಲಿ ಒಂದು ಪಾಳು ಬಾವಿ. ಮನೆ ಕಟ್ಟುವ ನೀರಿಗೆಂದು ಅದನ್ನು ಶುಚಿ ಮಾಡಲು ಇಳಿದ ಗಾರೆ ಕೆಲಸದ ಚಿಕ್ಕಮಾರಯ್ಯ ತಳದಲ್ಲಿ ಕುಸಿದುಬಿದ್ದ. ಜೀಪಿನಲ್ಲಿ ಬ್ಯಾಟರಾಯಪ್ಪನವರನ್ನು ಕರೆತಂದಾಗ ಯಲಹಂಕ ಠಾಣೆಗೆ ಹೊಸದಾಗಿ ಬಂದಿದ್ದ ಸಬ್ ಇನ್‌ಸ್ಪೆಕ್ಟರ್ ಅಕ್ಬರ್ ಪಾಷಾ ಆಗಲೇ ಅಲ್ಲಿದ್ದರು. ಲಾಟೀನು ಇಳಿಬಿಟ್ಟರೆ ಅರ್ಧ ದಾರಿಯಲ್ಲೇ ಆರಿಹೋಯಿತು. ಬಿದ್ದವನ ಹೆಂಡತಿ ಮಣ್ಣಿನಲ್ಲಿ ಹೊರಳುತ್ತಿದ್ದಳು. ಅಕ್ಬರ್ ಪಾಷಾ ಟೋಪಿ ತೆಗೆದರು, ಬೆಲ್ಟಿಗೆ ಕೈ ಹಾಕಿದರು.

ಬ್ಯಾಟರಾಯಪ್ಪ ಹೋಗಿ ಅವರ ಮುಂಗೈ ಹಿಡಿದುಕೊಂಡರು. ಪೊಲೀಸರ ಕೈ ಹಿಡಿದದ್ದು ಅದೊಂದೇ ಸಲ.

"ಬಿಡಯ್ಯಾ ಕೈನ," ಅಂದರು ಅಧಿಕಾರಿ.

"ಬುಡಲ್ಲ ಸ್ವಾಮಿ. ನಿಮ್ಮ ಟೇಸನ್ನಿಂದ ಒಬ್ರು ಸಾಹೇಬ್ರು ಇಂಗೇ ಇಳ್ದೋರು ತಿರ್ಗಿ ಬರ್ನಿಲ್ಲ. ಅವರು ಎತ್ತಿದ್ದು ನನ್ನ."

ಠಾಣೆಯ ಗೋಡೆಯ ಮೇಲೆ ಅಕ್ಬರ್ ಪಾಷಾ ದಿನಾ ನೋಡುತ್ತಿದ್ದ ಪಟ ಆ ಸಾಹೇಬರದು. ಅವರ ಕೈ ಸಡಿಲವಾಯಿತು. ಬ್ಯಾಟರಾಯಪ್ಪ ಅವರ ಕೈಗೇ ಬಕೆಟ್ ಕೊಟ್ಟರು. ಮೇಲಿನಿಂದ ರಭಸವಾಗಿ ನೀರು ಸುರಿಯುವುದು, ಕೊಂಬೆಯ ಕಟ್ಟನ್ನು ಏರಿಸಿ ಇಳಿಸುವುದು, ಮತ್ತೆ ನೀರು. ಆ ಹೆಂಗಸು ಬ್ಯಾಟರಾಯಪ್ಪನ ಕಾಲು ಹಿಡಿದಳು, ಆಮೇಲೆ ಶಾಪ ಹಾಕಿದಳು. ಅವರು ಬಗ್ಗಿದ ತಲೆ ಎತ್ತಲಿಲ್ಲ. ಲಾಟೀನು ಇನ್ನೊಮ್ಮೆ ಇಳಿಸಿದಾಗ ಮಂಕಾಯಿತು. ಮತ್ತೆ ನೀರು, ಮತ್ತೆ ಕೊಂಬೆ. ಕಡೆಗೆ ದೀಪ ತಳದಲ್ಲಿ ನಿಂತು ಉರಿಯಿತು. ಹಗ್ಗದ ತುದಿಯನ್ನು ಅಕ್ಬರ್ ಪಾಷಾ ತಮ್ಮ ಸೊಂಟಕ್ಕೆ ಸುತ್ತಿಕೊಂಡು ನಿಂತರು. ಬ್ಯಾಟರಾಯಪ್ಪ ಇಳಿದರು, ಚಿಕ್ಕಮಾರಯ್ಯನನ್ನು ತಂದರು. ಅವನು ತಿಂಗಳೊಪ್ಪತ್ತು ಆಸ್ಪತ್ರೆಯಲ್ಲಿದ್ದು ಎದ್ದು ಓಡಾಡಿದ. ಈಗ ಯಶವಂತಪುರದಲ್ಲಿ ಗಾರೆ ಮೇಸ್ತ್ರಿ.

ಎಲ್ಲ ಸಲವೂ ಹೀಗಾಗಿಲ್ಲ. ಎರಡು ವರ್ಷದ ಹಿಂದೆ ಬಾಗಲೂರಿನ ಹತ್ತಿರ ಒಬ್ಬ ಪ್ರಾಯದ ಹುಡುಗ. ಅವತ್ತೂ ಹೀಗೇ ಕಾದರು, ಗಾಳಿಯಾಡಿಸಿದರು. ಇಳಿದಾಗ ಮೈ ತಣ್ಣಗಾಗಿತ್ತು. ಹುಡುಗನ ತಂದೆ ಇವತ್ತಿಗೂ ಎದುರು ಸಿಕ್ಕರೆ ದಾರಿ ಬದಲಿಸುತ್ತಾರೆ. ಕಾಯದೆ ಇಳಿದಿದ್ದರೆ ಉಳಿಯುತ್ತಿದ್ದನೇ ಎಂದು ಕೇಳಿದರೆ ಬ್ಯಾಟರಾಯಪ್ಪ ಸಾಹೇಬರ ವಿಷಯಕ್ಕೆ ಬರುತ್ತಾರೆ.

"ಸಾಹೇಬ್ರು ಕಾದಿದ್ರೆ ನಾನ್ ಇರ್ತಿರ್ನಿಲ್ಲ. ಅವರು ಕಾಯ್ದೆ ಇದ್ದುದ್ಕೆ ನಾನು ಬದುಕಿದ್ದು. ಆದ್ರೂ ನಾನು ಎಲ್ರುನ್ನೂ ಕಾಯಿಸ್ತೀನಿ. ಇದೇನು ಸರಿ ಅಂತ ನನ್ನೇ ನಾನು ಕೇಳ್ಕಂಡಿದೀನಿ. ಅವರು ಮಾಡಿದ್ದು ತೆಪ್ಪು ಅಂತ ನನ್ನ ನಾಲಿಗೆ ಅನ್ನಲ್ಲ. ಅಂಗಂತ ಇನ್ನೊಬ್ರು ಸಾಹೇಬ್ರು ಅಂಗ್ ಮಾಡಕ್ಕೆ ಬುಡಕ್ಕೂ ಆಗಲ್ಲ."

ಮುನಿವೆಂಕಟಯ್ಯನವರ ತೋಟದಲ್ಲಿ ಬಿಸಿಲು ಏರಿದೆ. ಬ್ಯಾಟರಾಯಪ್ಪ ಕೊನೆಗೂ ಇಳಿದಿದ್ದಾರೆ. ಮಂಕರಿ ಮಂಕರಿ ಹೂಳು ರಾಟೆಯ ಮೇಲೆ ಏರಿ ಬರುತ್ತಿದೆ. ಹೊರಗೆ ಬಂದಾಗ ಮೈಯೆಲ್ಲ ಕಪ್ಪು ಕೆಸರು. ಮುನಿವೆಂಕಟಯ್ಯನವರ ಮನೆಯಿಂದ ಮುದ್ದೆ, ಬಸ್ಸಾರು ಬಂದಿದೆ. ಇಂಜಿನ್ನನ್ನು ಈ ಸಲ ಮೇಲೆ ತಂದುಬಿಡುತ್ತೇನೆ, ಕರೆಂಟಿನ ಮೋಟಾರು ಹಾಕಿಸುತ್ತೇನೆ ಎಂದು ಅವರು ಮಾತು ಕೊಡುತ್ತಾರೆ. ಬ್ಯಾಟರಾಯಪ್ಪ ತಲೆಯಾಡಿಸಿ ಮುದ್ದೆ ಮುರಿಯುತ್ತಾರೆ. ಈಗ ಎಲ್ಲೆಲ್ಲೂ ಕೊಳವೆ ಬಾವಿ ಕೊರೆಸುತ್ತಿದ್ದಾರೆ. ಇನ್ನು ಹತ್ತು ವರ್ಷಕ್ಕೆ ತೆರೆದ ಬಾವಿಯೇ ಇರುವುದಿಲ್ಲ, ತಮ್ಮ ಕಸುಬೂ ಇರುವುದಿಲ್ಲ ಎಂದು ಅವರಿಗೆ ಗೊತ್ತು. ಅದರ ಬಗ್ಗೆ ದೊಡ್ಡ ಬೇಸರ ಇದ್ದಂತೆ ಕಾಣುವುದಿಲ್ಲ. ಠಾಣೆಯಲ್ಲಿ ಒಂದು ಒಳ್ಳೆಯ ಹಗ್ಗ, ಸೊಂಟಕ್ಕೆ ಹಾಕುವ ಪಟ್ಟಿ ಯಾವಾಗಲೂ ಇರಲಿ, ಅಷ್ಟು ಸಾಕು ಎನ್ನುತ್ತಾರೆ.

ಕೈ ತೊಳೆದು, ಹೊಂಗೆ ನೆರಳಲ್ಲಿ ಎಲೆ ಅಡಿಕೆ ಹಾಕಿಕೊಂಡು, ಯಾರೂ ಕೇಳದೆ ಅವರೇ ಮಾತು ತೆಗೆಯುತ್ತಾರೆ.

"ನನ್ನನ್ನ ಮೈಗೆ ಕಟ್ಕಳಾಗ ಸಾಹೇಬ್ರು ಏನಾರ ಮಾತಾಡೇ ಇರ್ತಾರೆ. ಮಾತು ಜಾಸ್ತಿ ಅಂತೆ ಅವರ್ದು. ಏನಂದ್ರೋ, ನಂಗೆ ಕೇಳ್ನಿಲ್ಲ. ಅದೊಂದು ಕೊರಗು." ಸ್ವಲ್ಪ ಹೊತ್ತು ಎಲೆ ಅಗಿಯುತ್ತಾರೆ. "ಅದ್ಕೇ ನಾನು ಕೆಳಗಿಳಿದ್ರೆ ಬಿದ್ದೋರ ಜತೆ ಮಾತಾಡ್ತಾನೇ ಇರ್ತೀನಿ. ಯಾರ್ ಮಗನಪ್ಪ ನೀನು, ಊಟ ಆಯ್ತಾ, ಇನ್ನೇನ್ ಬಂತು ಮೇಲಕ್ ಓಗಾನ, ಇಂಗೇ ಏನಾರ. ಎಚ್ರ ಇದ್ರೂ ಸರಿ, ಇಲ್ದಿದ್ರೂ ಸರಿ."

ಚಿಕ್ಕಮಾರಯ್ಯ ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನ ಹೆಂಡತಿಯನ್ನು ಕರೆದುಕೊಂಡು ಇವರ ಮನೆಗೆ ಬಂದನಂತೆ. ಜಗುಲಿಯ ಮೇಲೆ ಕೂತವನು ಏನೋ ಹೇಳಲು ಹಿಂದೆ ಮುಂದೆ ನೋಡಿದ. ಆಮೇಲೆ, "ಅಣ್ಣಾ, ಕತ್ಲೆನಾಗೆ ಯಾರೋ ಊಟ ಆಯ್ತಾ ಅಂತ ಕೇಳ್ದಂಗಿತ್ತು. ನಮ್ಮಪ್ಪ ಇರ್ಬೇಕು ಅಂದ್ಕಂಡೆ," ಅಂದ.

ಬ್ಯಾಟರಾಯಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾರೆ.

"ನಾನೇ ಕಣಯ್ಯ ಕೇಳಿದ್ದು, ಅಂದೆ."